ಇಳಿವಯಸ್ಸಿಗೊಂದು ಜೊತೆ: ಯಾವ ತಾಣ, ಎಷ್ಟು ಉಚಿತ?

ಅರವತ್ತು ದಾಟಿದವರು ಸಂಗಾತಿಯನ್ನು ಹುಡುಕಲು ಬಳಸುವ ಆನ್‌ಲೈನ್ ತಾಣಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಟಿಂಡರ್, ಬಂಬಲ್, ಕ್ವ್ಯಾಕ್‌ಕ್ವ್ಯಾಕ್‌ನಂಥ ಡೇಟಿಂಗ್ ಆ್ಯಪ್‌ಗಳದು ಒಂದು. ಬೆಂಗಳೂರಿನ ಐಲ್ ಸಂಸ್ಥೆ ಕನ್ನಡಿಗರಿಗೆಂದೇ ತಂದ ‘ನೀನೇ’ ಕೂಡ ಇದೇ ಸಾಲಿನದು. ಕನ್ನಡ ಮ್ಯಾಟ್ರಿಮೊನಿ, ಶಾದಿ ಡಾಟ್ ಕಾಮ್, ಜೀವನ್‌ಸಾಥಿ, ಮರುಮದುವೆಗೆಂದೇ ಇರುವ ಸೆಕೆಂಡ್ ಶಾದಿ, ಇವು ವಧೂವರರ ತಾಣಗಳು. ಮೂರನೆಯ ಬಗೆಯವು ಹಿರಿಯರಿಗಾಗಿಯೇ ಹುಟ್ಟಿದ ಸಂಸ್ಥೆಗಳು. 2001ರ ಭೂಕಂಪದ ನಂತರ ಒಂಟಿಯಾದವರನ್ನು ಕಂಡು ಅಹಮದಾಬಾದಿನ ನಟುಭಾಯಿ ಪಟೇಲ್ ಕಟ್ಟಿದ ‘ಅನುಬಂಧ’, 2010ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ‘ತೋಡು ನೀಡ’, 2012ರಲ್ಲಿ ಪುಣೆಯಲ್ಲಿ ಮಾಧವ ದಾಮ್ಲೆ ಅವರು ಹಿರಿಯ ನಾಗರಿಕರ ಸಹಜೀವನಕ್ಕೆಂದು ಆರಂಭಿಸಿದ ಮಂಡಳಿ ಈ ಗುಂಪಿಗೆ ಸೇರುತ್ತವೆ. ಅಮೆರಿಕದಲ್ಲಿ ಐವತ್ತು ದಾಟಿದವರಿಗೆಂದೇ ‘ಅವರ್‌ಟೈಮ್’ನಂಥ ದೊಡ್ಡ ತಾಣಗಳಿವೆ. ಅವುಗಳ ಜಾಹೀರಾತು ಬಳ್ಳಾರಿಯಲ್ಲಿ ಟ್ಯಾಬ್ ಹಿಡಿದು ಕುಳಿತವರ ಪರದೆಯ ಮೇಲೂ ಬರಬಹುದು. ಅಲ್ಲಿ ಹುಡುಕಿದರೆ ಬಳ್ಳಾರಿಯವರು ಸಿಗುವುದಿಲ್ಲ, ಅಷ್ಟೇ.

ಮರುಮದುವೆ ಬಳ್ಳಾರಿ ಸೀಮೆಗೆ ಹೊಸದಲ್ಲ. ಗಂಡ ಸತ್ತ ಅಥವಾ ಗಂಡನನ್ನು ಬಿಟ್ಟ ಹೆಣ್ಣು ಮತ್ತೊಬ್ಬನ ಜೊತೆ ಬಾಳುವ ‘ಉಡಿಕಿ’ ಪದ್ಧತಿ ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಹಿಂದಿನಿಂದಲೂ ಇತ್ತು. ಅದಕ್ಕೆ ಸಂಭ್ರಮವಿರಲಿಲ್ಲ, ಒಪ್ಪಿಗೆ ಇತ್ತು. ಹೊಸದಾಗಿರುವುದು ವಯಸ್ಸಾದವರು ತಾವೇ ಬಾಯಿಬಿಟ್ಟು ಕೇಳುವುದು. 2021ರ ಮಾರ್ಚ್‌ನಲ್ಲಿ ಮೈಸೂರಿನ 73 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ವರ ಬೇಕೆಂದು ಜಾಹೀರಾತು ಕೊಟ್ಟಾಗ ಅದು ದೇಶದ ಸುದ್ದಿಯಾಯಿತು. ಮೆಚ್ಚಿದವರೂ ಇದ್ದರು, ಗೇಲಿ ಮಾಡಿದವರೂ ಇದ್ದರು. ‘ಈ ವಯಸ್ನಾಗ ಇದೆಲ್ಲ ಬೇಕೇನು?’ ಎಂಬ ಮಾತು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡಿನ ಕಟ್ಟೆಗಳ ಮೇಲೆ ಇಂದಿಗೂ ಬಿದ್ದೇ ಬೀಳುತ್ತದೆ. ಆ ಮಾತಿಗೆ ಅಂಜಿದವರಿಗೆ ಟ್ಯಾಬ್ ಅನುಕೂಲ: ಮಧ್ಯಸ್ಥರಿಲ್ಲದೆ, ಮನೆಯ ಬಾಗಿಲು ದಾಟದೆ ಹುಡುಕಬಹುದು. ಆದರೆ ಹಿಂದೆ ಹತ್ತು ಜನ ಸೇರಿ ವಿಚಾರಿಸುತ್ತಿದ್ದ ಕುಲ, ಗುಣ, ಸಾಲಸೋಲಗಳನ್ನೆಲ್ಲ ಈಗ ಒಬ್ಬರೇ ಪರೀಕ್ಷಿಸಬೇಕು. ತಾಣದ ಆಯ್ಕೆಯಲ್ಲಿ ಎಚ್ಚರ ಬೇಕಾಗುವುದು ಇದಕ್ಕೇ.

ಮೊದಲು ತೀರ್ಮಾನವಾಗಬೇಕಾದದ್ದು ಏನು ಬೇಕು ಎಂಬುದು. ಮದುವೆಯೇ, ಮದುವೆಯಿಲ್ಲದ ಸಹಜೀವನವೇ, ಅಥವಾ ಸಂಜೆ ಹೊತ್ತು ಮಾತಾಡಲು ಒಬ್ಬ ಸ್ನೇಹಿತರೇ? ಈ ಮೂರಕ್ಕೂ ಒಂದೇ ತಾಣ ಒಗ್ಗುವುದಿಲ್ಲ. ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2016ರ ಜೂನ್‌ನಲ್ಲಿ ಹೊರಡಿಸಿದ ಸಲಹಾಸೂಚಿಯ ಪ್ರಕಾರ ವಧೂವರರ ತಾಣಗಳು ತಾವು ಮದುವೆಗಷ್ಟೇ, ಡೇಟಿಂಗ್‌ಗಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು; ಬಳಕೆದಾರರಿಂದ ಗುರುತಿನ ದಾಖಲೆ ಪಡೆಯಬೇಕು; ದೂರು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಿ ಅವರ ವಿವರ ಪ್ರಕಟಿಸಬೇಕು. ಡೇಟಿಂಗ್ ಆ್ಯಪ್‌ಗಳಿಗೆ ಈ ಸೂಚಿ ಅನ್ವಯಿಸುವುದಿಲ್ಲ. ಬರೀ ಸ್ನೇಹ ಬೇಕಾದವರು ಮದುವೆ ತಾಣಕ್ಕೆ ಹೋದರೆ ಎದುರಿನವರಿಗೆ ಮೋಸವಾಗುತ್ತದೆ. ಮದುವೆ ಬೇಕಾದವರು ಡೇಟಿಂಗ್ ಆ್ಯಪ್‌ಗೆ ಹೋದರೆ ತಮಗೇ ಬೇಸರವಾಗುತ್ತದೆ.

ಬಳ್ಳಾರಿ ಸೀಮೆಯ ಮಟ್ಟಿಗೆ ಡೇಟಿಂಗ್ ಆ್ಯಪ್‌ಗಳಿಗೆ ಇನ್ನೂ ಒಂದು ತೊಡಕು. ಅವು ಜನರನ್ನು ತೋರಿಸುವುದು ದೂರದ ಲೆಕ್ಕದಲ್ಲಿ. ಸಿರುಗುಪ್ಪದಲ್ಲಿ ಕುಳಿತು ‘50 ಕಿಲೋಮೀಟರ್ ಒಳಗೆ, 60 ವರ್ಷ ಮೇಲ್ಪಟ್ಟು’ ಎಂದು ಒತ್ತಿದರೆ ಪರದೆ ಬಹುಪಾಲು ಖಾಲಿ ಬರುತ್ತದೆ. ದೂರ ಹೆಚ್ಚಿಸಿದರೆ ಬಳ್ಳಾರಿಯ ಜೊತೆಗೆ ಗಡಿಯಾಚೆಯ ಆಂಧ್ರದ ಇನ್ನಷ್ಟು ಊರುಗಳೂ ಒಳಬರುತ್ತವೆ. ತೆಲುಗು, ಕನ್ನಡ ಎರಡೂ ಮನೆಮಾತಿನಂತಿರುವ ಈ ಭಾಗದಲ್ಲಿ ಅದು ಅಡ್ಡಿಯಲ್ಲ, ಒಳ್ಳೆಯದೇ. ಆದರೂ ಈ ಆ್ಯಪ್‌ಗಳಲ್ಲಿ ಕಾಣುವವರು ಹೆಚ್ಚಾಗಿ ಇಪ್ಪತ್ತೈದು, ಮೂವತ್ತರವರು. ಅರವತ್ತರ ಹೆಸರಿನಲ್ಲಿ ಕಾಣುವ ಕೆಲವರ ವಯಸ್ಸೂ ನಂಬುವಂತಿರುವುದಿಲ್ಲ. ಹೀಗಾಗಿ ಮದುವೆ ಬಯಸುವವರಿಗೆ ಎರಡನೆಯ ಬಗೆಯ ತಾಣ, ಸಹಜೀವನವನ್ನೋ ಒಡನಾಟವನ್ನೋ ಬಯಸುವವರಿಗೆ ಮೂರನೆಯ ಬಗೆಯ ಸಂಸ್ಥೆ ಮೇಲು. ಡೇಟಿಂಗ್ ಆ್ಯಪ್ ಕೊನೆಯ ಆಯ್ಕೆಯಾಗಲಿ. ತೆಲುಗು ಬಲ್ಲ ಬಳ್ಳಾರಿಯವರಿಗೆ ಹೈದರಾಬಾದಿನ ಸಂಸ್ಥೆ ಭಾಷೆಯಲ್ಲೂ ದೂರದಲ್ಲೂ ಪುಣೆ, ಅಹಮದಾಬಾದಿಗಿಂತ ಹತ್ತಿರ. ಇಂಥ ಸಂಸ್ಥೆಗಳು ಆ್ಯಪ್‌ಗಿಂತ ಮುಖಾಮುಖಿ ಸಮಾವೇಶಗಳನ್ನು ನೆಚ್ಚುತ್ತವೆ. ಮದುವೆಯಿಲ್ಲದೆ ಕೂಡಿ ಬಾಳಲು ಒಪ್ಪುವ ಹಿರಿಯರಿಗಾಗಿ ಅಹಮದಾಬಾದಿನ ಸಂಸ್ಥೆ 2011ರಲ್ಲೇ ಬಹಿರಂಗ ಸಮ್ಮೇಳನ ನಡೆಸಿತ್ತು.

ಯಾವ ತಾಣಕ್ಕೆ ಹೋದರೂ ಗಂಡಸರದೇ ಜಾತ್ರೆ. ಇದು ವಿಚಿತ್ರವಾದರೂ ನಿಜ. 2011ರ ಜನಗಣತಿಯಂತೆ ದೇಶದ ಅರವತ್ತು ದಾಟಿದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ಗಂಡನನ್ನು ಕಳೆದುಕೊಂಡವರು. ಹೆಂಡತಿಯನ್ನು ಕಳೆದುಕೊಂಡ ಗಂಡಸರು ಆರೇಳು ಜನರಲ್ಲಿ ಒಬ್ಬರು. ಒಂಟಿಯಾಗಿರುವವರು ಹೆಂಗಸರು, ಹುಡುಕುತ್ತಿರುವವರು ಗಂಡಸರು. ಹೆಂಗಸರ ಕೈಯಲ್ಲಿ ತಮ್ಮದೇ ಫೋನ್ ಇರುವುದು ಕಡಿಮೆ, ಮಕ್ಕಳ ಮನೆಯಲ್ಲಿ ಬಾಯಿಬಿಡುವ ಧೈರ್ಯ ಇನ್ನೂ ಕಡಿಮೆ. ಇದರಿಂದ ಎರಡು ಪರಿಣಾಮ. ಹೆಂಗಸು ಖಾತೆ ತೆರೆದ ದಿನವೇ ಸಂದೇಶಗಳ ಮಳೆಯಾಗುತ್ತದೆ. ಎಲ್ಲಕ್ಕೂ ಉತ್ತರಿಸಬೇಕೆಂಬ ದಾಕ್ಷಿಣ್ಯ ಬೇಡ. ಗಂಡಸಿಗೆ ವಾರಗಟ್ಟಲೆ ಉತ್ತರವೇ ಬರುವುದಿಲ್ಲ. ಹಾಗೆ ಕಾಯುತ್ತಿರುವಾಗ ಒಂದು ದಿನ ಚೆಂದದ ಫೋಟೊದವಳು ತಾನಾಗಿಯೇ ಮೇಲೆ ಬಿದ್ದು ಮಾತಾಡಿಸಿದರೆ ಹಿಗ್ಗುವ ಮೊದಲು ಸಂಶಯ ಬರಬೇಕು.

ಇನ್ನು ‘ಉಚಿತ’ದ ಮಾತು. ಬಹುತೇಕ ತಾಣಗಳಲ್ಲಿ ನೋಂದಣಿ ಉಚಿತ, ಫೋಟೊ ಏರಿಸುವುದು ಉಚಿತ, ಇತರರ ವಿವರ ನೋಡುವುದು ಉಚಿತ, ‘ಆಸಕ್ತಿ ಇದೆ’ ಎಂದು ಒಂದು ಗುಂಡಿ ಒತ್ತುವುದೂ ಉಚಿತ. ದುಡ್ಡು ಕೇಳುವುದು ನಂತರದ ಹೆಜ್ಜೆಗೆ, ಎಂದರೆ ಎದುರಿನವರ ಫೋನ್ ನಂಬರ್ ನೋಡಲು ಅಥವಾ ಸಂದೇಶ ಬರೆಯಲು. ನೋಂದಾಯಿಸಿದ ಮರುದಿನದಿಂದಲೇ ಕಂಪನಿಯ ಟೆಲಿಕಾಲರ್‌ಗಳು ‘ಸರ್, ನಿಮಗೆ ಹನ್ನೆರಡು ಜನ ಆಸಕ್ತಿ ತೋರಿಸಿದ್ದಾರೆ, ಪ್ಯಾಕೇಜ್ ತಗೊಳ್ಳಿ’ ಎಂದು ಕರೆ ಮಾಡಬಹುದು. ದುಡ್ಡು ಕೊಡುವುದು ತಪ್ಪೇನಲ್ಲ. ಕೆಲವು ಸಲ ಮೂರು ತಿಂಗಳ ಶುಲ್ಕವೇ ಪೋಲಿಗಳನ್ನು ದೂರವಿಡುವ ಜರಡಿಯಾಗುತ್ತದೆ. ಆದರೆ ಮೊದಲ ಒಂದು ತಿಂಗಳು ಉಚಿತವಾಗಿಯೇ ಬಳಸಿ, ತಮ್ಮ ವಯಸ್ಸಿನವರು, ತಮ್ಮ ಭಾಗದವರು ಅಲ್ಲಿ ನಿಜಕ್ಕೂ ಇದ್ದಾರೆಯೇ ಎಂದು ನೋಡಿಕೊಳ್ಳುವುದು ಲೇಸು.

ಉಚಿತ ತಾಣವನ್ನು ಅಳೆಯಬೇಕಾದದ್ದು ಎಷ್ಟು ಮುಖ ತೋರಿಸುತ್ತದೆ ಎಂಬುದರಿಂದಲ್ಲ, ರಕ್ಷಣೆಯ ಸವಲತ್ತುಗಳಲ್ಲಿ ಯಾವುದನ್ನು ಪುಕ್ಕಟೆ ಕೊಡುತ್ತದೆ ಎಂಬುದರಿಂದ. ಫೋಟೊವನ್ನು ತಾವು ಒಪ್ಪಿದವರಿಗೆ ಮಾತ್ರ ಕಾಣುವಂತೆ ಮಾಡಬಹುದೇ? ನಂಬರ್ ಮುಚ್ಚಿಡಬಹುದೇ? ಕಾಟ ಕೊಟ್ಟವರನ್ನು ಬ್ಲಾಕ್ ಮಾಡಿ ದೂರು ಕೊಡಬಹುದೇ? ಸೆಲ್ಫಿಯೋ ದಾಖಲೆಯೋ ಪಡೆದು ಗುರುತು ಖಚಿತಪಡಿಸಿದವರ ಮುಂದೆ ಗುರುತಿನ ಚಿಹ್ನೆ ಇದೆಯೇ? ಖಾತೆಯನ್ನು ಪೂರ್ತಿ ಅಳಿಸಲು ದಾರಿ ಇದೆಯೇ? ಇವಿಷ್ಟಕ್ಕೂ ಹಣ ಕೇಳುವ ತಾಣ ಉಚಿತ ಎನಿಸಿಕೊಂಡರೂ ಬಿಡುವುದೇ ವಾಸಿ.

ದೊಡ್ಡ ಮದುವೆ ತಾಣಗಳು ಯಾರನ್ನು ಮನಸ್ಸಿನಲ್ಲಿಟ್ಟು ಕಟ್ಟಿದವು ಎಂಬುದು ಅವುಗಳ ಮೊದಲ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ‘ಈ ಪ್ರೊಫೈಲ್ ಯಾರಿಗಾಗಿ?’ ಎಂದು ಕೇಳಿ ಸಾಮಾನ್ಯವಾಗಿ ಕೊಡುವ ಉತ್ತರಗಳು ಹೀಗಿರುತ್ತವೆ: ನನಗೆ, ಮಗನಿಗೆ, ಮಗಳಿಗೆ, ಅಣ್ಣತಮ್ಮನಿಗೆ, ಅಕ್ಕತಂಗಿಗೆ, ಬಂಧುವಿಗೆ, ಸ್ನೇಹಿತರಿಗೆ. ಅಪ್ಪನಿಗೆ, ಅಮ್ಮನಿಗೆ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಅಪ್ಪನಿಗೊಂದು ಜೊತೆ ಹುಡುಕಲು ಕುಳಿತ ಮಗಳು ‘ಬಂಧು’ ಎಂದು ಒತ್ತಿ ಮುಂದೆ ಹೋಗಬೇಕು. ವಯಸ್ಸಿನ ಪಟ್ಟಿ ಎಲ್ಲಿಗೆ ನಿಲ್ಲುತ್ತದೆ, ವೈವಾಹಿಕ ಸ್ಥಿತಿಯಲ್ಲಿ ವಿಧುರ, ವಿಧವೆ, ವಿಚ್ಛೇದಿತ ಎಂದು ಬೇರೆಬೇರೆ ಆಯ್ದುಕೊಳ್ಳಲು ಬರುತ್ತದೆಯೇ ಎಂಬುದನ್ನು ನೋಂದಣಿಗೆ ಮುಂಚೆಯೇ ನೋಡಬೇಕು.

ಈ ಕೆಲಸಕ್ಕೆ ಫೋನಿಗಿಂತ ಟ್ಯಾಬ್ ಯಾಕೆ ಎಂದರೆ ದೊಡ್ಡ ಪರದೆ, ದೊಡ್ಡ ಅಕ್ಷರ ಎಂಬ ಉತ್ತರ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಲಾಭ ಇನ್ನೊಂದಿದೆ. ಯುಪಿಐ ಆ್ಯಪ್‌ಗಳು ಕೆಲಸ ಮಾಡಬೇಕಾದರೆ ಬ್ಯಾಂಕ್ ಖಾತೆಗೆ ಜೋಡಿಸಿದ ಸಿಮ್ ಅದೇ ಸಾಧನದಲ್ಲಿದ್ದು, ಅಲ್ಲಿಂದ ಎಸ್‌ಎಂಎಸ್ ಹೋಗಬೇಕು. ಸಿಮ್ ಇಲ್ಲದ, ವೈಫೈ ಮಾತ್ರ ಇರುವ ಟ್ಯಾಬಿನಲ್ಲಿ ಫೋನ್‌ಪೇ, ಗೂಗಲ್ ಪೇ ಖಾತೆ ತೆರೆಯಲು ಬರುವುದಿಲ್ಲ. ಆದ್ದರಿಂದ ಮಾತುಕತೆ ಟ್ಯಾಬಿನಲ್ಲಿ, ದುಡ್ಡು ಫೋನಿನಲ್ಲಿ ಎಂದು ಎರಡನ್ನೂ ಬೇರೆ ಇಟ್ಟರೆ, ಮಾತಿನ ಭರದಲ್ಲಿ ಹಣ ಕಳಿಸುವ ಅಪಾಯಕ್ಕೆ ಒಂದು ತಡೆ ಬೀಳುತ್ತದೆ. ಫೋನ್ ಹುಡುಕಿ ತಂದು, ಕನ್ನಡಕ ಹಾಕಿಕೊಂಡು, ಪಿನ್ ಒತ್ತುವಷ್ಟರಲ್ಲಿ ಒಂದು ಸಲ ಯೋಚಿಸಲು ಸಮಯ ಸಿಗುತ್ತದೆ.

ಮನೆಯಲ್ಲಿರುವ ಟ್ಯಾಬ್ ಬಹಳಷ್ಟು ಕಡೆ ಕೊರೊನಾ ಕಾಲದಲ್ಲಿ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಕೊಂಡದ್ದು. ಅದರೊಳಗೆ ಮೊಮ್ಮಗಳದೋ ಮಗನದೋ ಗೂಗಲ್ ಖಾತೆ ತೆರೆದೇ ಇರುತ್ತದೆ. ಅದೇ ಖಾತೆಯಲ್ಲಿ ಆ್ಯಪ್ ಇಳಿಸಿಕೊಂಡರೆ ಅದರ ಸುಳಿವು ಖಾತೆಯವರಿಗೆ ಸಿಗುತ್ತದೆ, ತೆಗೆದ ಫೋಟೊಗಳು ಅವರ ಫೋನಿನಲ್ಲೂ ಕಾಣಬಹುದು. ಹೆಚ್ಚಿನ ಆ್ಯಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಇನ್ನೊಬ್ಬ ಬಳಕೆದಾರರನ್ನು ಸೇರಿಸಬಹುದು. ಹಿರಿಯರು ತಮ್ಮದೇ ಹೊಸ ಇಮೇಲ್, ತಮ್ಮದೇ ಪಿನ್ ಇಟ್ಟುಕೊಂಡರೆ ಮೊಮ್ಮಕ್ಕಳ ಕಾರ್ಟೂನು ಒಂದು ಕಡೆ, ಇವರ ಮಾತುಕತೆ ಇನ್ನೊಂದು ಕಡೆ. ಐಪ್ಯಾಡಿನಲ್ಲಿ ಈ ಸೌಲಭ್ಯವಿಲ್ಲ. ಆ ಹೊಸ ಗೂಗಲ್ ಖಾತೆಗೆ ಕಾರ್ಡನ್ನು ಜೋಡಿಸದಿರುವುದು ಕ್ಷೇಮ. ಪರದೆ ಲಾಕ್ ಆಗಿದ್ದಾಗ ಸಂದೇಶದ ಸಾಲುಗಳು ಕಾಣದಂತೆ ನೋಟಿಫಿಕೇಶನ್ ಮುಚ್ಚಿಡಬೇಕು. ಇಂಗ್ಲಿಷ್ ಪರದೆ ಕಷ್ಟವಾದರೂ ಉತ್ತರವನ್ನು ಕನ್ನಡದಲ್ಲೇ ಬರೆಯಬಹುದು. ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಅಕ್ಷರವಾಗಿ ಮೂಡುತ್ತದೆ. ಬಳ್ಳಾರಿಯ ಆಡುಮಾತನ್ನು ಅದು ಆಗಾಗ ತಪ್ಪಾಗಿ ಕೇಳಿಸಿಕೊಳ್ಳುತ್ತದೆ, ಆದ್ದರಿಂದ ಕಳಿಸುವ ಮುನ್ನ ಓದಿ ನೋಡಬೇಕು.

ಪ್ರೊಫೈಲಿನಲ್ಲಿ ಏನು ಬರೆಯಬೇಕು ಎಂಬುದಕ್ಕಿಂತ ಏನು ಬರೆಯಬಾರದು ಎಂಬುದು ಮುಖ್ಯ. ‘ಸಿರುಗುಪ್ಪ ಬಸ್ ನಿಲ್ದಾಣದ ಹಿಂದೆ ಸ್ವಂತ ಮನೆ, ಎಂಟು ಎಕರೆ ನೀರಾವರಿ ಗದ್ದೆ, ತಿಂಗಳ ಪಿಂಚಣಿ ಇದೆ, ಮಕ್ಕಳು ಬೆಂಗಳೂರಿನಲ್ಲಿ, ಒಬ್ಬನೇ ಇದ್ದೇನೆ’ ಎಂದು ಬರೆದವರು ಸಂಗಾತಿಗಿಂತ ಮೊದಲು ಕಳ್ಳರಿಗೆ ವಿಳಾಸ ಕೊಟ್ಟಂತೆ. ಅದೇ ವ್ಯಕ್ತಿ ‘ಬಳ್ಳಾರಿ ಜಿಲ್ಲೆ, 66 ವರ್ಷ, ನಿವೃತ್ತ ನೌಕರ, ಪತ್ನಿ ತೀರಿಕೊಂಡು ನಾಲ್ಕು ವರ್ಷ. ಬೆಳಗಿನ ವಾಕಿಂಗ್, ಪೇಪರು, ಬಯಲಾಟ ಇಷ್ಟ. ಸಕ್ಕರೆ ಕಾಯಿಲೆ ಇದೆ, ಹಿಡಿತದಲ್ಲಿದೆ. ಅಡುಗೆಗೆ ಆಳು ಹುಡುಕುತ್ತಿಲ್ಲ, ಮಾತಿಗೆ ಜೊತೆ ಹುಡುಕುತ್ತಿದ್ದೇನೆ’ ಎಂದು ಬರೆದರೆ ಆಸ್ತಿಯ ಸುಳಿವಿಲ್ಲದೆಯೂ ಮನುಷ್ಯ ಕಾಣುತ್ತಾನೆ. ಕೊನೆಯ ವಾಕ್ಯ ಹೆಂಗಸರ ಕಣ್ಣಿಗೆ ಬೀಳದೆ ಇರುವುದಿಲ್ಲ. ಮುದಿತನದಲ್ಲಿ ಪುಕ್ಕಟೆ ದಾದಿಯಾಗಬೇಕಾದೀತು ಎಂಬ ಅವರ ಅಳುಕು ಸುಮ್ಮನೆ ಹುಟ್ಟಿದ್ದಲ್ಲ. ಫೋಟೊ ಈಗಿನದೇ ಇರಲಿ. ಇಪ್ಪತ್ತು ವರ್ಷ ಹಿಂದಿನದು ಮೊದಲ ವಿಡಿಯೊ ಕರೆಯಲ್ಲೇ ಬಯಲಾಗುತ್ತದೆ. ತಾಣಕ್ಕೆ ಗುರುತಿನ ದಾಖಲೆ ಕೊಡಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ತಾಣದಲ್ಲಿ ಪರಿಚಯವಾದ ವ್ಯಕ್ತಿಗಂತೂ ಯಾವ ದಾಖಲೆಯನ್ನೂ ಕಳಿಸಬಾರದು.

ಮೊದಲ ಕೆಲವು ವಾರ ಮಾತು ಆ್ಯಪಿನೊಳಗೇ ಇರಲಿ. ಎರಡನೇ ದಿನಕ್ಕೇ ‘ವಾಟ್ಸ್‌ಆ್ಯಪ್‌ಗೆ ಬನ್ನಿ’ ಎಂದು ಅವಸರ ಮಾಡುವವರು ತಾಣದ ಕಣ್ಣು ತಪ್ಪಿಸುತ್ತಿರಬಹುದು. ಮೋಸದ ಮಾದರಿಗಳು ಹೆಚ್ಚೇನಿಲ್ಲ, ನಾಲ್ಕಾರು ಕಥೆಗಳೇ ಮರಳಿ ಮರಳಿ ಬರುತ್ತವೆ. ಲಂಡನ್ನಿನ ಡಾಕ್ಟರು, ಹಡಗಿನ ಎಂಜಿನಿಯರು ಎಂದುಕೊಂಡವರು ತಿಂಗಳು ಕಳೆದ ಮೇಲೆ ಒಡವೆ, ಡಾಲರ್ ತುಂಬಿದ ಪಾರ್ಸೆಲ್ ಕಳಿಸಿದ್ದೇನೆ ಎನ್ನುತ್ತಾರೆ. ಹಿಂದೆಯೇ ‘ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್’ನಿಂದ ಕರೆ: ಸುಂಕ ಕಟ್ಟಿ, ಇಲ್ಲದಿದ್ದರೆ ಕೇಸ್. ಕಸ್ಟಮ್ಸ್ ಇಲಾಖೆ ಯಾರದೋ ಉಳಿತಾಯ ಖಾತೆಗೆ ಹಣ ಹಾಕಿ ಎಂದು ಫೋನ್ ಮಾಡುವುದಿಲ್ಲ. ಇನ್ನೊಂದು ಕಥೆಯಲ್ಲಿ ಸ್ನೇಹ ಬೆಳೆಸಿದವರು ಷೇರು, ಕ್ರಿಪ್ಟೊ ಎಂದು ಒಂದು ಆ್ಯಪ್ ತೋರಿಸುತ್ತಾರೆ. ಹಾಕಿದ ಹತ್ತು ಸಾವಿರ ಪರದೆಯ ಮೇಲೆ ಮೂವತ್ತಾಗುತ್ತದೆ, ಕೈಗೆ ಮಾತ್ರ ಬರುವುದಿಲ್ಲ. ಗಂಡಸರನ್ನು ಹೆಚ್ಚು ಕಾಡುವುದು ಮೂರನೆಯದು. ರಾತ್ರಿ ವಿಡಿಯೊ ಕರೆ, ಆ ಕಡೆ ಬೆತ್ತಲೆ ಚಿತ್ರ, ಕರೆಯ ರೆಕಾರ್ಡಿಂಗ್, ಆಮೇಲೆ ‘ನಿನ್ನ ಮಕ್ಕಳಿಗೆ ಕಳಿಸುತ್ತೇನೆ’ ಎಂಬ ಬೆದರಿಕೆ. ಒಮ್ಮೆ ಹಣ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ. ಜನ ಮರ್ಯಾದೆಗೆ ಅಂಜಿ ಸುಮ್ಮನಾಗುವುದೇ ಈ ವಂಚಕರ ಬಂಡವಾಳ.

ಪರೀಕ್ಷೆಯ ದಾರಿಗಳೂ ಟ್ಯಾಬಿನಲ್ಲೇ ಇವೆ. ಬಂದ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಅದೇ ಮುಖ ಬೇರೆ ಹೆಸರಿನಲ್ಲಿ, ಬೇರೆ ದೇಶದಲ್ಲಿ ಸಿಗಬಹುದು. ಹಗಲು ಹೊತ್ತಿನ ವಿಡಿಯೊ ಕರೆಗೆ ನೆಪ ಹೇಳುತ್ತಲೇ ಇರುವವರನ್ನು ಅಲ್ಲಿಗೇ ಬಿಡಬೇಕು. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಪರದೆ ತೋರಿಸಿ ಎನ್ನುವವರು ಸ್ನೇಹಕ್ಕೆ ಬಂದವರಲ್ಲ. ಹಣ ಹೋದದ್ದೇ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಸೈಬರ್ ಅಪರಾಧಗಳನ್ನೂ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಬಳ್ಳಾರಿಯಲ್ಲಿದೆ. ಹಿರಿಯರ ಇತರ ಕಷ್ಟಗಳಿಗೆ ಸಹಾಯವಾಣಿ 14567. ಸಂದೇಶಗಳನ್ನು ನಾಚಿಕೆಯಿಂದ ಅಳಿಸಿಬಿಡುವವರೇ ಹೆಚ್ಚು. ಅಳಿಸಬಾರದು, ದೂರಿಗೆ ಅವೇ ಸಾಕ್ಷಿ.

ಮುಖಾಮುಖಿ ಭೇಟಿಗೆ ಬಳ್ಳಾರಿ ನಗರ ಎಲ್ಲರಿಗೂ ಅನುಕೂಲ. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಮುಂದೆ ಇಬ್ಬರು ಹಿರಿಯರು ಕೂತು ಮಾತಾಡಿದರೆ ಸಂಜೆಯೊಳಗೆ ಊರಿಗೆಲ್ಲ ಡಂಗುರವಾಗುತ್ತದೆ. ಬಳ್ಳಾರಿಯಲ್ಲಿ ದುರ್ಗಮ್ಮನ ಗುಡಿಯ ಆವರಣ, ಬಸ್ ನಿಲ್ದಾಣದ ಸಮೀಪದ ಹೋಟೆಲು ಹೀಗೆ ಜನ ಓಡಾಡುವ, ಆದರೆ ಯಾರೂ ಗಮನಿಸದ ಜಾಗಗಳಿಗೆ ಬರವಿಲ್ಲ. ಒಗ್ಗರಣೆ ಮಿರ್ಚಿ ತಿನ್ನುತ್ತ ಒಂದು ತಾಸು ಕೂತರೆ ಹತ್ತು ದಿನದ ಚಾಟ್‌ಗಿಂತ ಹೆಚ್ಚು ತಿಳಿಯುತ್ತದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಸಿರುಗುಪ್ಪದ ಹೆಣ್ಣುಮಗಳಿಗೆ ಸರ್ಕಾರಿ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿಬರಲು ಕೈಯಿಂದ ಖರ್ಚಿಲ್ಲ. ಎದುರಿನವರ ಕಾರು, ಎದುರಿನವರ ಹಣ ಯಾವುದರ ಹಂಗೂ ಬೇಕಿಲ್ಲ. ಹೋಗುವ ಮುನ್ನ ನಂಬಿಕೆಯ ಒಬ್ಬರಿಗೆ ಹೇಳಿರಬೇಕು. ಮಗಳಿಗೆ ಹೇಳಲಾಗದಿದ್ದರೆ ಪಕ್ಕದ ಮನೆಯ ಗೆಳತಿಗಾದರೂ ಹೇಳಬೇಕು.

ಮಾತು ಮದುವೆಯ ತನಕ ಬಂದರೆ ಮಕ್ಕಳು ಸಿಟ್ಟಾಗುತ್ತಾರೆ. ಅವರ ಬಾಯಲ್ಲಿ ಬರುವುದು ಮರ್ಯಾದೆಯ ಮಾತು, ಮನಸ್ಸಿನಲ್ಲಿರುವುದು ಬಹಳ ಸಲ ಗದ್ದೆ, ಮನೆ. ಆ ಭಯಕ್ಕೆ ಕಾನೂನಿನ ಆಧಾರವೂ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲು ಬರೆಯದೆ ಗಂಡ ತೀರಿಕೊಂಡರೆ ಆತನ ಆಸ್ತಿಯಲ್ಲಿ ಮಕ್ಕಳಿಗೆ ಸಮನಾದ ಪಾಲು ಎರಡನೆಯ ಹೆಂಡತಿಗೂ ಸಿಗುತ್ತದೆ. ಹೆಂಡತಿ ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿಯಲ್ಲೂ ಮಕ್ಕಳ ಜೊತೆ ಎರಡನೆಯ ಗಂಡನಿಗೆ ಪಾಲು ಬರುತ್ತದೆ. ಮದುವೆಗೆ ಮುಂಚೆಯೇ ಇಬ್ಬರೂ ಉಯಿಲು ಬರೆದು ನೋಂದಾಯಿಸಿ, ಮಕ್ಕಳಿಗೆ ಯಾವುದು, ಸಂಗಾತಿಗೆ ಯಾವುದು ಎಂದು ತೀರ್ಮಾನಿಸಿದರೆ ಅರ್ಧ ಜಗಳ ಅಲ್ಲಿಗೇ ತಣ್ಣಗಾಗುತ್ತದೆ. ಆತುರಕ್ಕೆ ಬಿದ್ದು ಎಲ್ಲವನ್ನೂ ಮಕ್ಕಳ ಹೆಸರಿಗೆ ದಾನಪತ್ರ ಮಾಡುವುದು ಮಾತ್ರ ಅಪಾಯ. ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದಲ್ಲಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಅದನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಷರತ್ತಿಲ್ಲದ ಪತ್ರವನ್ನು ಹಿಂಪಡೆಯುವುದು ಕಷ್ಟ.

ಮರುಮದುವೆಯಾದರೆ ಮೊದಲ ಗಂಡನಿಂದ ಬಂದ ಆಸ್ತಿ ಕೈಬಿಡುತ್ತದೆ ಎಂಬ ಹೆದರಿಕೆ ಹೆಂಗಸರಲ್ಲಿ ವ್ಯಾಪಕವಾಗಿದೆ. ವಾರಸುದಾರಳಾಗಿ ಒಮ್ಮೆ ಸಿಕ್ಕ ಪಾಲು ಮರುಮದುವೆಯಿಂದ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಆದರೆ ಪಿಂಚಣಿಯ ಕಥೆ ಬೇರೆ. ಸರ್ಕಾರಿ ನೌಕರರ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಮರುಮದುವೆಯವರೆಗೆ ಮಾತ್ರ. ಕೇಂದ್ರದ ನಿಯಮದಲ್ಲಿ ಮಕ್ಕಳಿಲ್ಲದ ವಿಧವೆಗೆ ಆದಾಯದ ಮಿತಿಯೊಳಗೆ ವಿನಾಯಿತಿ ಇದೆ. ವಿಧವಾ ವೇತನವೂ ನಿಲ್ಲುತ್ತದೆ. ಪುಣೆ, ಅಹಮದಾಬಾದಿನ ಹಿರಿಯರಲ್ಲಿ ಕೆಲವರು ಮದುವೆಗಿಂತ ಸಹಜೀವನ ಆರಿಸಿಕೊಳ್ಳಲು ಈ ಪಿಂಚಣಿ ಲೆಕ್ಕವೂ ಒಂದು ಕಾರಣ. ಸಹಜೀವನದಲ್ಲಿ ಹೆಂಗಸಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಸಿಗಬಹುದು, ಆಸ್ತಿಯಲ್ಲಿ ವಾರಸುದಾರಿಕೆ ಸಿಗುವುದಿಲ್ಲ. ಆಕೆಯ ಹೆಸರಿನಲ್ಲಿ ಠೇವಣಿಯನ್ನೋ ವಾಸದ ಹಕ್ಕನ್ನೋ ಕಾಗದದ ಮೇಲೆ ಬರೆಸಿಕೊಳ್ಳಬೇಕಾಗುತ್ತದೆ. ಮದುವೆಯೇ ಆಗುವುದಾದರೆ ಇನ್ನೊಂದು ಎಚ್ಚರ: ‘ಬೇರೆ ಇದ್ದೇವೆ’ ಎಂಬ ಮಾತು ವಿಚ್ಛೇದನವಲ್ಲ. ಎದುರಿನವರ ವಿಚ್ಛೇದನದ ಡಿಕ್ರಿಯನ್ನೋ ಮೊದಲ ಸಂಗಾತಿಯ ಮರಣ ಪ್ರಮಾಣಪತ್ರವನ್ನೋ ಕಣ್ಣಾರೆ ನೋಡದೆ ಮದುವೆಗೆ ಒಪ್ಪಬಾರದು. ಮೊದಲ ಹೆಂಡತಿ ಬದುಕಿದ್ದು ಡಿಕ್ರಿ ಆಗಿರದಿದ್ದರೆ ಹಿಂದೂ ಕಾನೂನಿನಲ್ಲಿ ಎರಡನೆಯ ಮದುವೆ ಅನೂರ್ಜಿತ. ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬಹುದು. ಅದಕ್ಕೆ 30 ದಿನದ ನೋಟಿಸ್ ಬೇಕು, ಆ ನೋಟಿಸ್ ಕಚೇರಿಯ ಫಲಕದ ಮೇಲೆ ಎಲ್ಲರಿಗೂ ಕಾಣುತ್ತದೆ.

ಜೊತೆ ಸಿಕ್ಕರೂ, ಸಿಗದೆ ಬೇಸತ್ತರೂ ಖಾತೆಯನ್ನು ಹಾಗೇ ಬಿಡಬಾರದು. ಟ್ಯಾಬಿನಿಂದ ಆ್ಯಪ್ ತೆಗೆದುಹಾಕಿದರೆ ಖಾತೆ ಅಳಿಯುವುದಿಲ್ಲ. ಫೋಟೊ, ವಿವರ ತಾಣದಲ್ಲಿ ಉಳಿದೇ ಇರುತ್ತವೆ. ಪ್ಲೇ ಸ್ಟೋರ್ ಮೂಲಕ ಕಟ್ಟಿದ ಚಂದಾ ಕೂಡ ತಿಂಗಳು ತಿಂಗಳು ಕಡಿತವಾಗುತ್ತಲೇ ಇರುತ್ತದೆ. ಮೊದಲು ಪ್ಲೇ ಸ್ಟೋರಿನ ಸಬ್‌ಸ್ಕ್ರಿಪ್ಷನ್ ವಿಭಾಗದಲ್ಲಿ ಚಂದಾ ರದ್ದು ಮಾಡಿ, ಫೋನಿನ ಯುಪಿಐ ಆ್ಯಪಿನಲ್ಲಿ ಆಟೊಪೇ ಪಟ್ಟಿ ನೋಡಿ, ನಂತರ ತಾಣದ ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನು ಅಳಿಸಿ, ಆಮೇಲೆ ಆ್ಯಪ್ ತೆಗೆಯಬೇಕು. ಅಳಿಸಿದ ಮೇಲೂ ಟೆಲಿಕಾಲರ್ ಕರೆ ನಿಲ್ಲದಿದ್ದರೆ ತಾಣದ ದೂರು ಅಧಿಕಾರಿಗೆ ಇಮೇಲ್ ಬರೆದು, ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು.